ವ್ರತದ ತಿಥಿಯೂ ಔಷಧದ ದಿನವೂ

ಶ್ರಾವಕನ ಬಾಳಿನಲ್ಲಿ ವ್ರತಕ್ಕೆ ತಿಥಿಯುಂಟು. ಅಷ್ಟಮಿ ಚತುರ್ದಶಿಗಳಂದು ಪ್ರೋಷಧೋಪವಾಸ. ಕಾರ್ತಿಕ, ಫಾಲ್ಗುಣ, ಆಷಾಢಗಳ ಶುಕ್ಲಪಕ್ಷದ ಕೊನೆಯ ಎಂಟು ದಿನ ಅಷ್ಟಾಹ್ನಿಕ. ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣ ಪರ್ವ. ಮನೆಯಲ್ಲಿ ಮದುವೆಯಿರಲಿ, ಹೊಲದಲ್ಲಿ ಸುಗ್ಗಿಯಿರಲಿ, ತಿಥಿಯು ಯಾರಿಗಾಗಿಯೂ ಕಾಯುವುದಿಲ್ಲ. ಈ ಕಟ್ಟುನಿಟ್ಟಿನಲ್ಲಿಯೇ ವ್ರತದ ಬಲವಿದೆ. ಅನುಕೂಲವಾದಾಗ ಆಚರಿಸುವುದು ಅಭ್ಯಾಸವಾದೀತೇ ಹೊರತು ವ್ರತವಾಗಲಾರದು.

ಔಷಧಕ್ಕೂ ತಿಥಿಯುಂಟು. ಕೆಲವು ರೋಗಗಳಲ್ಲಿ ಮದ್ದು ಯಾವುದು ಎಂಬುದರಷ್ಟೇ ಅದನ್ನು ಎಂದು ಕೊಡಬೇಕು ಎಂಬುದೂ ಮುಖ್ಯವಾಗುತ್ತದೆ. ಈ ಎರಡು ಪಂಚಾಂಗಗಳು ಒಂದೇ ದೇಹದ ಮೇಲೆ ಒಂದೇ ವಾರದಲ್ಲಿ ಬಂದು ನಿಂತರೆ ಯಾವುದು ಯಾವುದಕ್ಕೆ ದಾರಿ ಬಿಡಬೇಕು? ದಾರಿ ಬಿಟ್ಟಾಗ ಧರ್ಮಕ್ಕೆ ಚ್ಯುತಿ ಬರುವುದೇ? ಈ ಪ್ರಶ್ನೆ ಕೇವಲ ತರ್ಕಕ್ಕಾಗಿ ಹುಟ್ಟಿದ್ದಲ್ಲ. ಶ್ವಾಸಕೋಶದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ, ಅದರ ಬಳಿಕ ರಾಸಾಯನಿಕ ಚಿಕಿತ್ಸೆಗೆ ಕಾದಿರುವ ಶ್ರಾವಕನ ಮನೆಯಲ್ಲಿ ಅದು ದಿನವೂ ಏಳುವ ಪ್ರಶ್ನೆ.

ವಿಚಾರಕ್ಕೆ ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಬಹುದು. ತುಮಕೂರಿನಿಂದ ಶಿರಾಕ್ಕೆ ಹೋಗುವ ಹೆದ್ದಾರಿಯ ಬಳಿ, ದೊಡ್ಡ ಕೆರೆಯನ್ನು ಮಗ್ಗುಲಲ್ಲಿಟ್ಟುಕೊಂಡಿರುವ ಊರು ಕಳ್ಳಂಬೆಳ್ಳ. ಅಲ್ಲಿ ಅರವತ್ತರ ಅಂಚಿನ ಒಬ್ಬ ಶ್ರಾವಕ. ಒಂಬತ್ತು ವರ್ಷಗಳಿಂದ ದಶಲಕ್ಷಣ ವ್ರತವನ್ನು ತಪ್ಪದೆ ನಡೆಸಿಕೊಂಡು ಬಂದಿದ್ದಾನೆ. ಹತ್ತನೆಯ ವರ್ಷ ತುಂಬಿದರೆ ಉದ್ಯಾಪನೆ. ಬಸದಿಗೆ ಕೊಡಬೇಕಾದ ಉಪಕರಣಗಳನ್ನು ಮನೆಯವರು ಆಗಲೇ ಗೊತ್ತುಮಾಡಿದ್ದಾರೆ. ಈ ನಡುವೆ ಬಿಡದ ಕೆಮ್ಮು. ಕ್ಷಯವಿರಬಹುದೆಂಬ ಶಂಕೆಯಲ್ಲಿ ಕೆಲವು ತಿಂಗಳು ಕಳೆದವು. ಕೊನೆಗೆ ಬೆಂಗಳೂರಿನಲ್ಲಿ ರೋಗ ಯಾವುದೆಂದು ತಿಳಿಯಿತು. ಆಷಾಢದ ಅಷ್ಟಾಹ್ನಿಕ ಮುಗಿದ ಪೂರ್ಣಿಮೆಯಂದು ಶ್ವಾಸಕೋಶದ ಒಂದು ಹಾಲೆಯನ್ನು ತೆಗೆದರು. ಗಡ್ಡೆ ಪೂರ್ತಿಯಾಗಿ ಬಂದಿದೆ. ಆದರೆ ಅದರೊಡನೆ ತೆಗೆದ ಹಾಲುರಸದ ಗ್ರಂಥಿಯೊಂದರಲ್ಲಿ ರೋಗದ ಕಣಗಳು ಕಂಡಿವೆ. ಆರರಿಂದ ಎಂಟು ವಾರಗಳೊಳಗೆ ರಾಸಾಯನಿಕ ಚಿಕಿತ್ಸೆ ಆರಂಭವಾಗಬೇಕೆಂದು ವೈದ್ಯರು ಹೇಳಿದ್ದಾರೆ. ಶ್ರಾವಕನು ಪಂಚಾಂಗವನ್ನು ತೆರೆದು ನೋಡುತ್ತಾನೆ.

ಗಡ್ಡೆಯನ್ನೇ ತೆಗೆದ ಮೇಲೆ ಔಷಧವೇಕೆ ಎಂಬ ಸಂದೇಹ ಮೊದಲು ಬರುವುದು ಸಹಜ. ಕರ್ಮಸಿದ್ಧಾಂತವನ್ನು ಬಲ್ಲವರಿಗೆ ಉತ್ತರ ಕಷ್ಟವಲ್ಲ. ಉದಯಕ್ಕೆ ಬಂದ ಕರ್ಮ ಕಣ್ಣಿಗೆ ಕಾಣುತ್ತದೆ. ಸತ್ತೆಯಲ್ಲಿರುವ ಕರ್ಮ ಕಾಣುವುದಿಲ್ಲ, ಆದರೂ ಅದು ಇದೆ. ಹಾಗೆಯೇ ಶಸ್ತ್ರದ ಅಲಗಿಗೂ ಯಂತ್ರದ ಚಿತ್ರಕ್ಕೂ ಸಿಕ್ಕದ ರೋಗಕಣಗಳು ರಕ್ತದಲ್ಲಿಯೋ ದೂರದ ಅಂಗಗಳಲ್ಲಿಯೋ ಉಳಿದಿರಬಹುದು. ಅವು ಬೇರೂರುವ ಮೊದಲೇ ಅಳಿಸುವುದು ಈ ಚಿಕಿತ್ಸೆಯ ಗುರಿ. ಎಲ್ಲ ರೋಗಿಗಳಿಗೂ ಇದು ಬೇಕಾಗಿಲ್ಲ. ಗಡ್ಡೆ ಚಿಕ್ಕದಾಗಿದ್ದು ಗ್ರಂಥಿಗಳು ಶುದ್ಧವಾಗಿದ್ದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಸಾಕು. ಗ್ರಂಥಿಗಳಿಗೆ ಹರಡಿದ್ದರೆ, ಕೆಲವೊಮ್ಮೆ ಗಡ್ಡೆ 4 ಸೆಂಟಿಮೀಟರಿಗೂ ದೊಡ್ಡದಾಗಿದ್ದರೆ, ಸಿಸ್‌ಪ್ಲಾಟಿನ್ ಎಂಬ ಔಷಧವನ್ನು ಇನ್ನೊಂದು ಔಷಧದೊಡನೆ ಮೂರು ವಾರಗಳಿಗೊಂದು ಸುತ್ತಿನಂತೆ ನಾಲ್ಕು ಸುತ್ತು ಕೊಡುವುದು ರೂಢಿ. ಈಚಿನ ವರ್ಷಗಳಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆಗೆ ಮೊದಲೇ ಔಷಧ ಕೊಡುವುದುಂಟು. ರೋಗಕಣದ ಲಕ್ಷಣವನ್ನು ಪರೀಕ್ಷಿಸಿ ಬೇರೆ ಬಗೆಯ ಮಾತ್ರೆಗಳನ್ನು ಕೊಡುವುದೂ ಉಂಟು. ಯಾರಿಗೆ ಯಾವುದು ಎಂಬುದನ್ನು ಅವರವರ ವೈದ್ಯರೇ ತೀರ್ಮಾನಿಸಬೇಕು.

ಇದರಿಂದ ಆಗುವ ಉಪಕಾರವೆಷ್ಟು? ಇಲ್ಲಿ ಉತ್ಪ್ರೇಕ್ಷೆಯೂ ಸಲ್ಲದು, ಮರೆಮಾಚುವುದೂ ಸಲ್ಲದು. 2004ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪ್ರಯೋಗವೊಂದರಲ್ಲಿ 1867 ರೋಗಿಗಳಿದ್ದರು. ಶಸ್ತ್ರಚಿಕಿತ್ಸೆ ಮಾತ್ರ ಆದವರಲ್ಲಿ ಐದು ವರ್ಷಗಳ ಬಳಿಕ ಬದುಕಿದ್ದವರು ಶೇಕಡ 40.4, ಸಿಸ್‌ಪ್ಲಾಟಿನ್ ಸಹಿತ ಚಿಕಿತ್ಸೆ ಪಡೆದವರಲ್ಲಿ ಶೇಕಡ 44.5. ಐದು ದೊಡ್ಡ ಪ್ರಯೋಗಗಳ 4584 ರೋಗಿಗಳನ್ನು ಒಟ್ಟುಗೂಡಿಸಿ 2008ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ ಈ ಅಂತರ ಶೇಕಡ 5.4 ಎಂದು ಕಂಡಿತು. ಎಂದರೆ ನೂರು ಮಂದಿಯಲ್ಲಿ ನಾಲ್ಕೈದು ಮಂದಿ ಈ ಔಷಧದಿಂದಲೇ ಐದು ವರ್ಷಗಳ ಗಡಿಯನ್ನು ದಾಟಿದರು. ಸಂಖ್ಯೆ ಚಿಕ್ಕದು. ಆದರೆ ಆ ನಾಲ್ಕೈದು ಮಂದಿಯಲ್ಲಿ ಒಬ್ಬ ತಂದೆ, ಒಬ್ಬ ತಾಯಿ ಇದ್ದರೆಂಬುದನ್ನು ಮರೆಯಲಾಗದು.

ಇನ್ನು ಕಾಲದ ಮಾತು. ಗಾಯ ಮಾಯುವ ಮುನ್ನ, ಉಸಿರು ಸುಧಾರಿಸುವ ಮುನ್ನ ಈ ತೀಕ್ಷ್ಣ ಔಷಧವನ್ನು ಕೊಡಲಾಗದು. ತೀರ ತಡವಾದರೆ ಉಳಿದ ಕಣಗಳಿಗೆ ಬೆಳೆಯಲು ಅವಕಾಶ ಕೊಟ್ಟಂತಾದೀತೆಂಬ ಅಂಜಿಕೆ. ಆದ್ದರಿಂದ ನಾಲ್ಕರಿಂದ ಎಂಟು ವಾರಗಳ ನಡುವೆ ಆರಂಭಿಸುವುದು ವಾಡಿಕೆಯಾಯಿತು. 2017ರಲ್ಲಿ ಅಮೆರಿಕದ 12,473 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು ಪ್ರಕಟವಾಯಿತು. ಶಸ್ತ್ರಚಿಕಿತ್ಸೆಯ ಬಳಿಕ ಸುಮಾರು 50ನೆಯ ದಿನ ಆರಂಭಿಸಿದವರಲ್ಲಿ ಸಾವಿನ ಅಪಾಯ ಅತ್ಯಂತ ಕಡಿಮೆಯಿತ್ತು. 57ರಿಂದ 127 ದಿನಗಳ ನಡುವೆ, ತಡವಾಗಿ ಆರಂಭಿಸಿದವರ ಅಪಾಯವೂ ಹೆಚ್ಚಾಗಿರಲಿಲ್ಲ. ತಡವಾಗಿ ಪಡೆದವರು ಕೂಡ, ಔಷಧವನ್ನೇ ಪಡೆಯದವರಿಗಿಂತ ಮೇಲಾಗಿದ್ದರು. ಇದು ಹಳೆಯ ದಾಖಲೆಗಳನ್ನು ನೋಡಿ ಹೇಳಿದ ಮಾತು. ರೋಗಿಗಳನ್ನು ಮೊದಲೇ ವಿಂಗಡಿಸಿ ನಡೆಸಿದ ಪ್ರಯೋಗವಲ್ಲ. ನಿಧಾನವಾಗಿ ಚೇತರಿಸಿಕೊಳ್ಳುವವರಿಗೆ ಅದು ಧೈರ್ಯ ಕೊಡುತ್ತದೆ. ಬೇಕೆಂದೇ ತಡಮಾಡುವವರಿಗೆ ಅಪ್ಪಣೆ ಕೊಡುವುದಿಲ್ಲ.

ಈಗ ಕಳ್ಳಂಬೆಳ್ಳದ ಶ್ರಾವಕನ ಪಂಚಾಂಗಕ್ಕೆ ಮರಳಬಹುದು. ಅಧಿಕಮಾಸವಿಲ್ಲದ ವರ್ಷದಲ್ಲಿ ಆಷಾಢ ಪೂರ್ಣಿಮೆಯಿಂದ ಎಣಿಸಿದರೆ ಭಾದ್ರಪದ ಶುಕ್ಲ ಪಂಚಮಿ ಸುಮಾರು 50ನೆಯ ದಿನ. ಅನಂತ ಚತುರ್ದಶಿ ಸುಮಾರು 58ನೆಯ ದಿನ. ಐದನೆಯ ವಾರದ ಕೊನೆಗೆ, 35ನೆಯ ದಿನ ಚಿಕಿತ್ಸೆ ಮೊದಲಾದರೆ ಎರಡನೆಯ ಸುತ್ತು 56ನೆಯ ದಿನ ಬರುತ್ತದೆ. ಅದು ಹೆಚ್ಚುಕಡಿಮೆ ಏಕಾದಶಿ. ದಶಧರ್ಮಗಳಲ್ಲಿ ಉತ್ತಮ ತಪದ ದಿನ. ಪರ್ವ ಮುಗಿಯಲೆಂದು ಕಾದರೆ ಮೊದಲ ಸುತ್ತು 60ನೆಯ ದಿನಕ್ಕೆ ಹೋಗುತ್ತದೆ. ಬೇಗ ಆರಂಭಿಸಿದಲ್ಲಿ 98ನೆಯ ದಿನಕ್ಕೆ ನಾಲ್ಕನೆಯ ಸುತ್ತು ಬಂದು, ಮಹಾವೀರಸ್ವಾಮಿಯ ನಿರ್ವಾಣದ ದೀಪಾವಳಿಯ ವೇಳೆಗೆ ನಾಲ್ಕೂ ಮುಗಿದಿರುತ್ತವೆ. ಲೆಕ್ಕವನ್ನು ಹೀಗೆ ಹಾಕಿದಾಗ, ಹತ್ತು ದಿನ ಕಾದರೆ ಆಕಾಶವೇನೂ ಕಳಚಿ ಬೀಳದು ಎಂದು ಶ್ರಾವಕನಿಗೆ ತೋರಬಹುದು. ದಿನಗಳ ಮಟ್ಟಿಗೆ ಆ ಮಾತು ಸುಳ್ಳಲ್ಲ.

ಆದರೆ ಪ್ರಶ್ನೆ ದಿನಗಳದ್ದು ಮಾತ್ರವಲ್ಲ. ಆ ಹತ್ತು ದಿನಗಳನ್ನು ದೇಹವು ಹೇಗೆ ಕಳೆಯುತ್ತದೆ ಎಂಬುದೇ ನಿಜವಾದ ಪ್ರಶ್ನೆ. ಎದೆಯನ್ನು ತೆರೆದು ಹೊಲಿದ ಏಳು ವಾರಗಳ ಬಳಿಕ ದೇಹವು ಮಾಂಸಖಂಡವನ್ನೂ ರಕ್ತವನ್ನೂ ಮರಳಿ ಕಟ್ಟಿಕೊಳ್ಳುತ್ತಿರುತ್ತದೆ. ಆಗ ಹತ್ತು ದಿನಗಳ ನಿರಾಹಾರವು ಕಟ್ಟಿದ್ದನ್ನು ಕರಗಿಸುತ್ತದೆ. ತೂಕ ಇಳಿದು, ಶಕ್ತಿ ಕುಂದಿ, ಮೂತ್ರಪಿಂಡಗಳು ಬಳಲಿದರೆ 60ನೆಯ ದಿನ ವೈದ್ಯರು ಸಿಸ್‌ಪ್ಲಾಟಿನ್ನನ್ನು ಕೊಡದೆ ಹೋಗಬಹುದು; ಪ್ರಮಾಣವನ್ನು ತಗ್ಗಿಸಬಹುದು. ಹತ್ತು ದಿನ ತಡವೆಂದುಕೊಂಡದ್ದು ಹೀಗೆ ಚಿಕಿತ್ಸೆಯನ್ನೇ ಕಳೆದುಕೊಳ್ಳುವುದರಲ್ಲಿ ಮುಗಿಯಬಹುದು. ಪಂಚಾಂಗದಲ್ಲಿ ಎಡೆಯಿದೆ, ದೇಹದಲ್ಲಿ ಎಡೆಯಿಲ್ಲ.

ಔಷಧ ಆರಂಭವಾದ ಮೇಲಂತೂ ಉಪವಾಸ ಇನ್ನಷ್ಟು ಅಪಾಯಕರ. ಸಿಸ್‌ಪ್ಲಾಟಿನ್ ಪ್ಲಾಟಿನಂ ಲೋಹದಿಂದಾದ ವಸ್ತು. 1965ರಲ್ಲಿ ಅಮೆರಿಕದ ಮಿಷಿಗನ್ನಿನಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ ಸೂಕ್ಷ್ಮಜೀವಿಗಳ ಮೇಲೆ ವಿದ್ಯುತ್ತಿನ ಪ್ರಯೋಗ ನಡೆಸುತ್ತಿದ್ದಾಗ, ಪ್ಲಾಟಿನಂ ಕಡ್ಡಿಗಳಿಂದ ಕರಗಿ ಬಂದ ವಸ್ತುವು ಕಣಗಳು ಒಡೆದು ಇಮ್ಮಡಿಯಾಗುವುದನ್ನು ತಡೆಯಿತು. ಅದೇ 1978ರಲ್ಲಿ ಆ ದೇಶದಲ್ಲಿ ಔಷಧವಾಗಿ ಅಂಗೀಕೃತವಾಯಿತು. ಇದು ಮೂತ್ರಪಿಂಡಗಳಿಗೆ ಕೇಡು ಮಾಡಬಲ್ಲದು. ಆದ್ದರಿಂದ ಕೊಡುವ ಮುಂಚೆಯೂ ಅನಂತರವೂ ನಾಳದ ಮೂಲಕ ನೀರನ್ನೇರಿಸುತ್ತಾರೆ. ಮನೆಯಲ್ಲಿಯೂ ಚೆನ್ನಾಗಿ ನೀರು ಕುಡಿಯಬೇಕೆಂದು ವಿಧಿಸುತ್ತಾರೆ. ನಿರ್ಜಲ ಉಪವಾಸವಾಗಲಿ, ದಿನಕ್ಕೊಮ್ಮೆ ಮಾತ್ರ ನೀರು ಸೇವಿಸುವ ಏಕಾಶನವಾಗಲಿ ಆ ದಿನಗಳಲ್ಲಿ ಮೂತ್ರಪಿಂಡಕ್ಕೆ ನೇರವಾದ ಪೆಟ್ಟು. ಔಷಧ ಕೊಟ್ಟ ಒಂದೆರಡು ವಾರಗಳಲ್ಲಿ ರಕ್ತದ ಬಿಳಿಯ ಕಣಗಳು ಇಳಿಯುತ್ತವೆ. ಆಗ ಜ್ವರ ಬಂದರೆ, ಅದು ನಡುರಾತ್ರಿಯೇ ಆಗಿರಲಿ, ಕೂಡಲೆ ಆಸ್ಪತ್ರೆಗೆ ಹೋಗಬೇಕು, ಬೆಳಗಾಗಲೆಂದು ಕಾಯಬಾರದು. ಕಳ್ಳಂಬೆಳ್ಳದಿಂದ ಬೆಂಗಳೂರು ನೂರು ಕಿಲೋಮೀಟರಿಗೂ ಮಿಗಿಲಾದ ದಾರಿ ಎಂಬುದನ್ನು ಮನೆಯವರು ಮೊದಲೇ ನೆನೆಯಬೇಕು.

ಇಷ್ಟು ವೈದ್ಯದ ಮಾತು. ಧರ್ಮವು ಏನೆನ್ನುತ್ತದೆ?

ತೀರ್ಥಂಕರ ಪ್ರಕೃತಿಯ ಬಂಧಕ್ಕೆ ಕಾರಣವಾದ ಷೋಡಶ ಭಾವನೆಗಳಲ್ಲಿ ತಪಕ್ಕೂ ತ್ಯಾಗಕ್ಕೂ ಒಂದೊಂದು ಸ್ಥಾನವಿದೆ. ಎರಡರ ಹೆಸರಿನ ಮೊದಲಿಗೂ ಆಚಾರ್ಯರು ಒಂದೇ ಪದವನ್ನಿಟ್ಟರು: ಶಕ್ತಿತಃ. ಶಕ್ತಿಯನ್ನು ಮರೆಸದೆ, ಶಕ್ತಿಯನ್ನು ಮೀರದೆ ಮಾಡುವುದೇ ತಪ. ಶಕ್ತಿಯಿದ್ದೂ ಇಲ್ಲವೆನ್ನುವವನು ಒಂದು ಕಡೆ ಜಾರುತ್ತಾನೆ; ಶಕ್ತಿಯಿಲ್ಲದಿದ್ದರೂ ಇದೆಯೆನ್ನುವವನು ಇನ್ನೊಂದು ಕಡೆ ಜಾರುತ್ತಾನೆ. ಎರಡನೆಯ ಜಾರಿಕೆಗೆ ಜನರ ಮೆಚ್ಚುಗೆ ದೊರೆಯುವುದರಿಂದ ಅದು ಹೆಚ್ಚು ಅಪಾಯಕರ.

ಇದಕ್ಕಿಂತ ಆಳವಾದ ಮಾತು ಆಚಾರ್ಯ ಸಮಂತಭದ್ರರ ಚರಿತ್ರೆಯಲ್ಲಿದೆ. ದೇವಚಂದ್ರನ ರಾಜಾವಳೀಕಥೆ ಮೊದಲಾದ ಕೃತಿಗಳಲ್ಲಿ ಬಂದಿರುವ ಕಥೆಯದು. ಮಣುವಕಹಳ್ಳಿಯಲ್ಲಿದ್ದಾಗ ಆಚಾರ್ಯರಿಗೆ ಭಸ್ಮಕವೆಂಬ ರೋಗ ಬಂತು. ಉಂಡದ್ದೆಲ್ಲ ಉರಿದುಹೋಗುವ, ಮುನಿಯ ಮಿತಾಹಾರದಿಂದ ಎಂದಿಗೂ ತಣಿಯದ ಹಸಿವೆಯ ರೋಗ. ಮುನಿಚರ್ಯೆಯನ್ನು ಕೆಡಿಸಿಕೊಳ್ಳುವುದಕ್ಕಿಂತ ಸಲ್ಲೇಖನವೇ ಮೇಲೆಂದು ಅವರು ಗುರುಗಳಲ್ಲಿ ಅನುಮತಿ ಬೇಡಿದರು. ಗುರುಗಳು ಕೊಡಲಿಲ್ಲ. ಇನ್ನೂ ಬಾಳುವುದಿದೆ, ಧರ್ಮಕ್ಕೆ ಆಗಬೇಕಾದ ಕೆಲಸವಿದೆ. ಮೊದಲು ರೋಗ ಕಳೆಯಲಿ, ಅನಂತರ ಮತ್ತೆ ದೀಕ್ಷೆ ಎಂಬುದು ಅವರ ಆಜ್ಞೆಯ ತಿರುಳು. ಸಮಂತಭದ್ರರು ದೀಕ್ಷೆಯನ್ನೇ ಬದಿಗಿಟ್ಟು, ವೇಷ ಬದಲಿಸಿ, ಒಂದು ಪರಂಪರೆಯ ಪ್ರಕಾರ ಕಂಚಿಯಲ್ಲಿ, ಇನ್ನೊಂದರ ಪ್ರಕಾರ ಕಾಶಿಯಲ್ಲಿ, ಶಿವಾಲಯದ ನೈವೇದ್ಯವನ್ನುಂಡು ರೋಗದಿಂದ ಬಿಡುಗಡೆ ಹೊಂದಿದರು. ಬಳಿಕ ಮತ್ತೆ ದೀಕ್ಷೆ ಪಡೆದು ಆಚಾರ್ಯರಾಗಿ ಬೆಳಗಿದರು.

ಉಪವಾಸವನ್ನು ಮುಂದೂಡಬೇಕಾದ ಗೃಹಸ್ಥನಿಗೆ ಇದಕ್ಕಿಂತ ದೊಡ್ಡ ಸಾಂತ್ವನ ಬೇಕೇ? ಗೃಹಸ್ಥನು ಬಿಡಬೇಕಾದದ್ದು ಒಂದು ವರ್ಷದ ನಿರಾಹಾರ. ಸಮಂತಭದ್ರರು ಬಿಟ್ಟದ್ದು ಮಹಾವ್ರತದ ವೇಷವನ್ನೇ. ಅವರ ಗುರುಗಳು ಅದನ್ನು ಪತನವೆಂದು ಎಣಿಸಲಿಲ್ಲ. ದಾರಿಯಲ್ಲಿ ಬಂದ ಒಂದು ತಿರುವೆಂದು ಎಣಿಸಿದರು. ಇನ್ನೊಂದು ಮಾತು ಗಮನಾರ್ಹ. ಸಲ್ಲೇಖನಕ್ಕೆ ಯೋಗ್ಯವಾದ ಸಂದರ್ಭಗಳನ್ನು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿ ಹೇಳಿದವರು ಇದೇ ಸಮಂತಭದ್ರರು. ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು ಆ ಸಂದರ್ಭಗಳು; ಆದರೆ ಅವುಗಳಿಗೆ ಪ್ರತೀಕಾರವಿರಬಾರದು ಎಂಬುದು ಅಲ್ಲಿಯ ನಿಬಂಧನೆ. ಪ್ರತೀಕಾರವಿರುವ ರೋಗದಲ್ಲಿ ಸಲ್ಲೇಖನದ ಬೇಡಿಕೆ ನಿರಾಕೃತವಾದುದನ್ನು ತಮ್ಮ ಬಾಳಿನಲ್ಲಿಯೇ ಕಂಡವರ ಹೆಸರಿನಲ್ಲಿ ಈ ನಿಬಂಧನೆ ಉಳಿದಿದೆ.

ಪ್ರತೀಕಾರವಿಲ್ಲದ್ದು ಎಂಬ ಪದ ಸ್ಥಿರವಾದದ್ದು. ಅದರ ವ್ಯಾಪ್ತಿ ಕಾಲದೊಡನೆ ಬದಲಾಗುತ್ತದೆ. ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನವನ್ನು ಸ್ವೀಕರಿಸಿದಾಗ ಅವರಿಗೆ ಎಂಬತ್ತು ದಾಟಿತ್ತು. ಕಣ್ಣಿನ ದೃಷ್ಟಿ ಕುಂದಿತ್ತು. ನೆಲದ ಜೀವಿಗಳನ್ನು ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿಯೂ ಆಹಾರವನ್ನು ಶೋಧಿಸುವ ಏಷಣಾಸಮಿತಿಯೂ ನಿರ್ದೋಷವಾಗಿ ನಡೆಯುವಂತಿರಲಿಲ್ಲ. 36 ದಿನಗಳ ಬಳಿಕ, ಸೆಪ್ಟೆಂಬರ್ 18ರಂದು, ಸಮಾಧಿಮರಣವಾಯಿತು. ದೇಹವು ವ್ರತಕ್ಕೆ ಸಾಧನವಾಗದೆ ಹೋದಾಗ ವ್ರತಕ್ಕಾಗಿ ದೇಹವನ್ನು ಬಿಟ್ಟ ಮಹಾನಿದರ್ಶನವಿದು. ಕಳ್ಳಂಬೆಳ್ಳದ ಶ್ರಾವಕನ ಸ್ಥಿತಿ ಇದಕ್ಕೆ ಹೋಲುವುದಿಲ್ಲ. ಅವನ ಗಡ್ಡೆಯನ್ನು ಪೂರ್ತಿ ತೆಗೆದಿದ್ದಾರೆ. ಅಂಥವರಲ್ಲಿ ನೂರಕ್ಕೆ ನಾಲ್ವತ್ತು ಮಂದಿ ಶಸ್ತ್ರಚಿಕಿತ್ಸೆಯಿಂದಲೇ ಐದು ವರ್ಷ ಬದುಕಿರುವುದು ಪ್ರಯೋಗದಲ್ಲಿ ಕಂಡಿದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ಸ್ಥಾಪನೆಯಾದದ್ದು 1941ರಲ್ಲಿ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ. ಶಸ್ತ್ರಚಿಕಿತ್ಸೆಯ ನಂತರದ ಔಷಧದ ಉಪಕಾರ ದೊಡ್ಡ ಪ್ರಯೋಗದಿಂದ ಸ್ಪಷ್ಟವಾದದ್ದು 2004ರಲ್ಲಿ. ಅಜ್ಜನ ಕಾಲಕ್ಕೆ ಪ್ರತೀಕಾರವಿಲ್ಲದಿದ್ದ ರೋಗ ಮೊಮ್ಮಗನ ಕಾಲಕ್ಕೆ ಹಾಗೆ ಉಳಿದಿಲ್ಲ.

ಇಲ್ಲಿ ಒಂದು ಆಕ್ಷೇಪವೇಳಬಹುದು. ದೇಹವು ಪರದ್ರವ್ಯ, ಅದನ್ನು ಉಳಿಸಿಕೊಳ್ಳಲು ವ್ರತವನ್ನು ಬಿಡುವುದು ದೇಹಮೋಹವಲ್ಲವೇ? ಆಕ್ಷೇಪ ಗಟ್ಟಿಯಾದದ್ದು. ಆದರೆ ಸಲ್ಲೇಖನದ ಐದು ಅತಿಚಾರಗಳಲ್ಲಿ ಬದುಕಿನ ಆಸೆಯೊಂದೇ ಇಲ್ಲ; ಅದರ ಬೆನ್ನಿಗೇ ಮರಣದ ಆಸೆಯೂ ಇದೆ. ಜೀವಿತಾಶಂಸೆ, ಮರಣಾಶಂಸೆ ಎರಡನ್ನೂ ಆಚಾರ್ಯರು ಒಂದೇ ತಕ್ಕಡಿಯಲ್ಲಿಟ್ಟರು. ಹೀಗಾಗಿ ಔಷಧ ಬೇಡವೆನ್ನುವವನು ತನ್ನನ್ನು ತಾನೇ ಕೇಳಿಕೊಳ್ಳಬೇಕು: ಈ ನಿರಾಕರಣೆ ವೈರಾಗ್ಯದಿಂದ ಬಂದದ್ದೇ, ಅಥವಾ ವಾಂತಿಯ, ಕೂದಲುದುರುವಿಕೆಯ, ಖರ್ಚಿನ, ಮಕ್ಕಳಿಗೆ ಹೊರೆಯಾಗುವ ಭಯದಿಂದ ಬಂದದ್ದೇ? ಭಯವು ಮನುಷ್ಯಸಹಜ, ಅದಕ್ಕೆ ನಾಚಬೇಕಾಗಿಲ್ಲ. ಭಯಕ್ಕೆ ವ್ರತದ ಹೆಸರನ್ನು ತೊಡಿಸುವುದು ಮಾತ್ರ ಸಲ್ಲದು. ಅದರಿಂದ ಭಯ ನೀಗುವುದಿಲ್ಲ; ವ್ರತವೂ ಮಲಿನವಾಗುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮವಾದದ್ದು. ನೂರರಲ್ಲಿ ನಾಲ್ಕೈದು ಮಂದಿಗೆ ಮಾತ್ರ ಉಪಕಾರವಾಗುವ ಔಷಧವನ್ನು ಪ್ರತೀಕಾರವೆನ್ನಬಹುದೇ? ಅದನ್ನು ಪಡೆಯಲೇಬೇಕೆಂಬ ಕಟ್ಟಳೆಯುಂಟೇ? ಕಟ್ಟಳೆಯಿಲ್ಲವೆಂದೇ ಹೇಳಬೇಕು. ಎಲ್ಲವನ್ನೂ ತಿಳಿದು, ವೈದ್ಯರೊಡನೆ ಮಾತಾಡಿ, ಇಷ್ಟು ಕಷ್ಟಕ್ಕೆ ಇಷ್ಟು ಫಲ ಸಾಲದೆಂದು ಒಬ್ಬನು ಶಾಂತಚಿತ್ತದಿಂದ ತೀರ್ಮಾನಿಸಿದರೆ ಅದು ಅವನ ಅಧಿಕಾರ. ಅನೇಕರು ಹಾಗೆ ತೀರ್ಮಾನಿಸುತ್ತಾರೆ. ಅವರನ್ನು ದೂರಲು ಯಾರಿಗೂ ಹಕ್ಕಿಲ್ಲ. ಆದರೆ ಆ ತೀರ್ಮಾನ ಬೇರೆ, ವ್ರತದ ತೀರ್ಮಾನ ಬೇರೆ. ಔಷಧ ಬೇಕೋ ಬೇಡವೋ ಎಂಬುದನ್ನು ಮೊದಲು ಅದರದೇ ಗುಣದೋಷಗಳ ಮೇಲೆ ನಿರ್ಧರಿಸಬೇಕು. ಬೇಕೆಂದು ನಿರ್ಧರಿಸಿದ ಮೇಲೆ ಅದರ ಕಾಲವನ್ನು ಕೆಡಿಸುವ ಉಪವಾಸವನ್ನು ಹಿಡಿಯಬಾರದು. ಬೇಡವೆಂದು ನಿರ್ಧರಿಸಿದರೆ ನೇರವಾಗಿ ಹಾಗೆಂದು ಹೇಳಬೇಕು. ಪರ್ವ ಬಂತು, ಉಪವಾಸವಿತ್ತು, ದಿನ ತಪ್ಪಿಹೋಯಿತು ಎಂದು ತಿಥಿಯ ತಲೆಗೆ ಕಟ್ಟಬಾರದು. ಸತ್ಯಾಣುವ್ರತವು ಇತರರೊಡನೆ ಆಡುವ ಮಾತಿಗಷ್ಟೇ ಸಂಬಂಧಿಸಿದ್ದಲ್ಲ. ತನ್ನೊಡನೆ ತಾನು ಆಡುವ ಮಾತಿಗೂ ಅದು ಅನ್ವಯಿಸುತ್ತದೆ.

ಉಪವಾಸವೇ ಕ್ಯಾನ್ಸರಿಗೆ ಔಷಧವೆಂದು ಹೇಳುವವರೂ ಇದ್ದಾರೆ. ರಾಸಾಯನಿಕ ಚಿಕಿತ್ಸೆಯ ಸುತ್ತಮುತ್ತಣ ಕೆಲವು ದಿನ ಆಹಾರವನ್ನು ಬಹಳ ತಗ್ಗಿಸುವುದರ ಬಗೆಗೆ ಸಂಶೋಧನೆ ನಡೆದಿರುವುದು ನಿಜ. ಸ್ತನದ ಕ್ಯಾನ್ಸರಿನ 131 ರೋಗಿಗಳ ಮೇಲೆ ನೆದರ್ಲೆಂಡ್ಸಿನಲ್ಲಿ ನಡೆದ ಒಂದು ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಅದು ವೈದ್ಯರ ಕಣ್ಗಾವಲಿನಲ್ಲಿ, ಅಳೆದ ಆಹಾರದೊಡನೆ, ಬೇರೊಂದು ರೋಗದಲ್ಲಿ ನಡೆದದ್ದು. ಎದೆಯ ಶಸ್ತ್ರಚಿಕಿತ್ಸೆಯಿಂದ ಬಡವಾದ ದೇಹಕ್ಕೆ ಅದನ್ನು ಅನ್ವಯಿಸಲಾಗದು. ಇದಕ್ಕಿಂತ ಮುಖ್ಯವಾದ ಮಾತೆಂದರೆ, ಅನಶನವನ್ನು ಶಾಸ್ತ್ರವು ವಿಧಿಸಿದ್ದು ಕರ್ಮನಿರ್ಜರೆಗಾಗಿ. ದೇಹದ ಲಾಭಕ್ಕಾಗಿ ಮಾಡಿದ ಲಂಘನ ಚಿಕಿತ್ಸೆಯಾದೀತು, ಅದು ವ್ರತವೆನಿಸದು.

ಹಾಗಾದರೆ ಆ ಹತ್ತು ದಿನ ಶ್ರಾವಕನ ಪಾಲಿಗೆ ಬರಿದೇ? ಖಂಡಿತ ಅಲ್ಲ. ತಪಗಳು ಹನ್ನೆರಡು, ಅವುಗಳಲ್ಲಿ ಅನಶನ ಒಂದು ಮಾತ್ರ. ಪ್ರಾಯಶ್ಚಿತ್ತ, ವಿನಯ, ವೈಯಾವೃತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನ ಎಂಬ ಆರು ಅಂತರಂಗ ತಪಗಳಿಗೆ ಯಾವ ವೈದ್ಯರೂ ಅಡ್ಡಿಪಡಿಸರು. ವಾಂತಿಯ ನಡುವೆ ಬೇಸರಿಸದೆ ಇರುವುದು ಉತ್ತಮ ಕ್ಷಮೆ. ತನ್ನ ಮೈಯನ್ನು ಇತರರು ತೊಳೆಯಬೇಕಾದಾಗ ಅದನ್ನು ಒಪ್ಪಿಕೊಳ್ಳುವುದು ಉತ್ತಮ ಮಾರ್ದವ. ಹಸಿವೆಯಿಲ್ಲದಿದ್ದರೂ ಶರೀರಕ್ಕೆ ಬೇಕಾದಷ್ಟನ್ನು ಔಷಧದಂತೆ ಉಣ್ಣುವುದರಲ್ಲಿ ರಸತ್ಯಾಗದ ಒಂದು ಬಗೆಯೇ ಇದೆ. ರುಚಿಯೇ ಇಲ್ಲದ ನಾಲಗೆಗೆ ಉಪವಾಸಕ್ಕಿಂತ ಊಟವೇ ಕಷ್ಟವಾಗುವ ದಿನಗಳವು.

ಜೈನ ಮನೆಯ ಆಹಾರನಿಯಮಗಳಲ್ಲಿ ಅನೇಕವು ಈ ಕಾಲಕ್ಕೆ ನೆರವಾಗಿಯೇ ಬರುತ್ತವೆ. ಸೋಸಿ ಕುದಿಸಿದ ನೀರು, ಅಂದಂದೇ ಮಾಡಿದ ಅಡುಗೆ, ಹಳಸಿದ್ದನ್ನು ಮುಟ್ಟದಿರುವುದು, ಶೋಧಿಸಿದ ಧಾನ್ಯ ಇವೆಲ್ಲ ಬಿಳಿಯ ರಕ್ತಕಣಗಳು ಕುಗ್ಗಿದ ರೋಗಿಗೆ ವೈದ್ಯರು ಹೇಳುವ ಎಚ್ಚರಿಕೆಗಳಿಗೆ ಒಪ್ಪುತ್ತವೆ. ಬೇಳೆ, ಹಾಲು, ಮೊಸರು, ತುಪ್ಪಗಳಿಂದ ಬಲ ಕೂಡಿಸಬಹುದು. ರಾತ್ರಿಭೋಜನತ್ಯಾಗಿಯಾದವನು ಸೂರ್ಯಾಸ್ತದ ಬಳಿಕ ನೀರು, ಮಾತ್ರೆ ಬೇಕಾಗಬಹುದೆಂಬುದನ್ನು ಚಿಕಿತ್ಸೆಗೆ ಮೊದಲೇ ಗುರುಗಳಿಗೆ ಅರಿಕೆ ಮಾಡಿ ಮಿತಿಯನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಗುರುಸಾಕ್ಷಿಯಾಗಿ ತೆಗೆದುಕೊಂಡ ನಿಯಮವನ್ನು ಗುರುಸಾಕ್ಷಿಯಾಗಿಯೇ ಸಡಿಲಿಸಿಕೊಳ್ಳುವುದಕ್ಕೂ, ಕದ್ದು ಮುರಿದು ಕೊರಗುವುದಕ್ಕೂ ಬಹಳ ಅಂತರವಿದೆ. ಹಾಗೆಯೇ ಪ್ರತಿಯೊಂದು ಉಪವಾಸವನ್ನೂ ವೈದ್ಯರಿಗೆ ತಿಳಿಸಬೇಕು. ಮುಚ್ಚಿಟ್ಟ ಉಪವಾಸದ ಮೇಲೆ ಕೊಟ್ಟ ಔಷಧ ವಿಷವಾಗಬಹುದು.

ವಿಷದ ಮಾತು ಬಂದಾಗ ನೆನಪಾಗುವುದು ಕನ್ನಡ ಜೈನಸಾಹಿತ್ಯದ ಒಂದು ಹಿರಿಮೆ. 14ನೆಯ ಶತಮಾನದ ಮಂಗರಾಜನು ಖಗೇಂದ್ರಮಣಿದರ್ಪಣದಲ್ಲಿ ವಿಷಗಳನ್ನೂ ಅವುಗಳ ಚಿಕಿತ್ಸೆಯನ್ನೂ ವಿಸ್ತಾರವಾಗಿ ವಿವರಿಸಿದನು. ಅದಕ್ಕೂ ಮುಂಚೆ ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿ, ಮದ್ಯಮಾಂಸಗಳಿಲ್ಲದ ಚಿಕಿತ್ಸೆಯನ್ನು ಬೋಧಿಸಿದರು. ದೇಹವನ್ನು ಪರದ್ರವ್ಯವೆಂದು ಬಲ್ಲ ಮುನಿಗಳೇ ವೈದ್ಯಗ್ರಂಥಗಳನ್ನು ಬರೆದರೆಂಬುದು ಮನನಯೋಗ್ಯ. ಆಹಾರ, ಶಾಸ್ತ್ರ, ಅಭಯಗಳ ಜೊತೆಗೆ ಔಷಧವನ್ನೂ ಚತುರ್ವಿಧ ದಾನಗಳಲ್ಲಿ ಸೇರಿಸಿದ ಧರ್ಮವಿದು. ಕೊಡುವುದು ಪುಣ್ಯವಾದರೆ ಅದನ್ನು ಸ್ವೀಕರಿಸುವುದು ಪಾಪವಾಗಲಾರದು.

ಮನೆಯವರ ಹೊಣೆಯೂ ಸಣ್ಣದಲ್ಲ. ಒಂಬತ್ತು ವರ್ಷ ಮಾಡಿ ಹತ್ತನೆಯದರಲ್ಲಿ ಬಿಡಬೇಕಾಯಿತೇ ಎಂದು ರೋಗಿಯ ಎದುರು ನಿಟ್ಟುಸಿರಿಡುವ ಬಂಧುವು ಅರಿಯದೆಯೇ ಹಿಂಸೆ ಮಾಡುತ್ತಾನೆ. ಬಲವಂತದಿಂದ ಔಷಧ ಕೊಡಿಸುವುದೂ ಸರಿಯಲ್ಲ; ಬಲವಂತದಿಂದ ವ್ರತ ಮಾಡಿಸುವುದೂ ಸರಿಯಲ್ಲ. ರಾತ್ರಿ ಎದ್ದು ಜ್ವರ ನೋಡುವ ಮಡದಿ, ಬೆಂಗಳೂರಿಗೆ ಕರೆದೊಯ್ಯುವ ಮಗ, ಗಂಜಿ ಕಾಯಿಸುವ ಸೊಸೆ ಇವರೆಲ್ಲ ಮಾಡುತ್ತಿರುವುದು ವೈಯಾವೃತ್ಯದ ಸೇವೆ. ಅನಶನವು ಬಹಿರಂಗ ತಪ, ವೈಯಾವೃತ್ಯವು ಅಂತರಂಗ ತಪ ಎಂಬ ವಿಂಗಡಣೆಯನ್ನು ನೆನೆದರೆ, ಆ ಭಾದ್ರಪದದಲ್ಲಿ ಆ ಮನೆ ವ್ರತಹೀನವಾಗಿತ್ತೆಂದು ಯಾರು ಹೇಳಬಲ್ಲರು?

ದೃಷ್ಟಾಂತದ ಶ್ರಾವಕನು ಐದನೆಯ ವಾರದ ಕೊನೆಗೆ ಔಷಧವನ್ನು ಆರಂಭಿಸಿದನೆಂದು ಇಟ್ಟುಕೊಳ್ಳಬಹುದು. ಪಂಚಮಿಯಂದು ಊರಿನ ಮನೆಯಲ್ಲಿ ಕುಳಿತು ಉತ್ತಮ ಕ್ಷಮೆಯ ಪಾಠವನ್ನು ಕೇಳಿದನು. ಏಕಾದಶಿಯಂದು ಆಸ್ಪತ್ರೆಯ ಮಂಚದ ಮೇಲೆ, ಕೈಗೆ ನಾಳ ಚುಚ್ಚಿಸಿಕೊಂಡು, ಮನಸ್ಸಿನಲ್ಲಿ ಪಂಚನಮಸ್ಕಾರ ಮಂತ್ರವನ್ನು ಜಪಿಸಿದನು. ಅವನ ಹತ್ತನೆಯ ವರ್ಷ ಮುಂದಿನ ಭಾದ್ರಪದಕ್ಕೆ ಹೋಗಿದೆ. ಆ ಭಾದ್ರಪದ ಅವನಿಗೆ ದೊರೆಯುವುದೆಂದು ಯಾವ ವೈದ್ಯರೂ ಭರವಸೆ ಕೊಡಲಾರರು. ದೊರೆಯದಿದ್ದರೂ ಅವನು ವ್ರತಭ್ರಷ್ಟನಲ್ಲ. ಶಕ್ತಿಯನ್ನರಿತು, ಗುರುಗಳಿಗೆ ತಿಳಿಸಿ, ಸುಳ್ಳಾಡದೆ ಮುಂದೂಡಿದ ವ್ರತ ಅವನ ಭಾವದಲ್ಲಿ ಅಖಂಡವಾಗಿಯೇ ಇದೆ. ದೊರೆತರೆ, ಬಸದಿಗೆಂದು ತಂದಿಟ್ಟ ಉಪಕರಣಗಳು ಮನೆಯಲ್ಲಿಯೇ ಕಾದಿವೆ.